ಬ್ಯುರೆಟ್ ಬಿಟ್ಟು ತೂಕ ಹಿಡಿದೆ

ಕಲಬುರಗಿಯ ಸುತ್ತ, ಸೇಡಂ, ವಾಡಿ, ಶಹಾಬಾದ್ ಕಡೆ ಎಲ್ಲಿ ನೋಡಿದರೂ ಸುಣ್ಣದಕಲ್ಲು. ಅದರಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಎಷ್ಟಿದೆ ಅಂತ ಹೇಳುವುದು ನನ್ನ ಕೆಲಸ. ದಿನದ ಮಾದರಿಗಳಿಗೆ ಎಕ್ಸ್-ಕಿರಣ ಹಾಯಿಸಿ ಅಂಶ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಸಾಕು. ಆದರೆ ಯಂತ್ರ ಸರಿಯಾಗಿ ಹೇಳುತ್ತಿದೆಯಾ ಅಂತ ನೋಡಲು ಕೆಲವು ಮಾದರಿಗಳನ್ನಾದರೂ ಕೈಯಾರೆ ಇಡಿಟಿಎ ಟೈಟ್ರೇಷನ್ ಮಾಡಲೇಬೇಕು. ಅಂದರೆ ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ದ್ರಾವಣವನ್ನು ಬ್ಯುರೆಟ್ ಎಂಬ ಗುರುತು ಹಾಕಿದ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತು ಅಂತ ನೋಡುವುದು.

ಇಲ್ಲಿ ಬಿಸಿಲಿನದೇ ಕಿತಾಪತಿ. ಗಾಜಿನ ಸಾಮಾನಿನ ಅಳತೆಯೆಲ್ಲ 20 ಡಿಗ್ರಿಗೆ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಲ್ಯಾಬ್ 35 ಮುಟ್ಟುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು 998.2 ಗ್ರಾಂ, 35ರಲ್ಲಿ 994.0. ನಾಲ್ಕು ಗ್ರಾಂ ವ್ಯತ್ಯಾಸ! ಒಳ್ಳೆಯ ‘ಎ’ ದರ್ಜೆಯ ಲೀಟರ್ ಫ್ಲಾಸ್ಕ್‌ನಲ್ಲಿ ತಪ್ಪಿಗೆ ಬಿಟ್ಟ ಅವಕಾಶ 0.4 ಮಿಲಿ ಮಾತ್ರ. ದ್ರಾವಣದ ಶಕ್ತಿ ನೋಡುವ ಟೈಟ್ರೇಷನ್, ಮಾದರಿಯ ಟೈಟ್ರೇಷನ್ ಎರಡೂ ಒಂದೇ ಬಿಸಿಯಲ್ಲಿ ನಡೆದರೆ ಚಿಂತೆಯಿಲ್ಲ, ತಪ್ಪು ವಜಾ ಆಗುತ್ತದೆ. ದ್ರಾವಣದ ಶಕ್ತಿಯನ್ನು ಬೆಳಿಗ್ಗೆ 25ರಲ್ಲಿ ನೋಡಿ, ಮಾದರಿಯನ್ನು ಮಧ್ಯಾಹ್ನ 35ರಲ್ಲಿ ಮಾಡಿದರೆ ಕ್ಯಾಲ್ಸಿಯಂ ಆಕ್ಸೈಡ್ ಶೇ. 44 ಇರಬೇಕಾದದ್ದು 44.13 ಆಗಿ ಕೂರುತ್ತದೆ.

ಹಾಗಾಗಿ ಬ್ಯುರೆಟ್ ಬಿಟ್ಟೆ. ತೂಕಕ್ಕೆ ಬೇಸಿಗೆಯೇನು, ಚಳಿಯೇನು? ಇಡಿಟಿಎ ದ್ರಾವಣವನ್ನು ಸಣ್ಣ ತುದಿಯ ಪ್ಲಾಸ್ಟಿಕ್ ಸಿರಿಂಜ್‌ಗೆ ತುಂಬಿ ತೂಗುತ್ತೇನೆ, ಹನಿಸುತ್ತೇನೆ, ಮತ್ತೆ ತೂಗುತ್ತೇನೆ. ಬ್ಯುರೆಟ್‌ನ ಹನಿ ಸುಮಾರು 0.05 ಮಿಲಿ. ಸಿರಿಂಜ್‌ನಲ್ಲಿ 0.01 ಗ್ರಾಂವರೆಗೂ ಇಳಿಸಬಹುದು. ಉಳಿದದ್ದೆಲ್ಲ ಹಳೆಯ ಕ್ರಮವೇ. ಪಿಎಚ್ 12ರ ಮೇಲಿದ್ದರೆ ಮೆಗ್ನೀಸಿಯಂ ಬೇರೆಯಾಗಿ ತಳಕ್ಕಿಳಿಯುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಅಡ್ಡ ಬರದಂತೆ ಟ್ರೈಎಥನಾಲಮೀನ್. ಪ್ಯಾಟನ್-ರೀಡರ್ ಸೂಚಕದ ಕೆಂಪು ಪೂರ್ತಿ ಹೋಗಿ ನೀಲಿಯಾದಾಗ ನಿಲ್ಲಿಸುವುದು.

ಬ್ಯಾಲೆನ್ಸ್‌ಗೂ ಬೇಸಿಗೆಯ ಕಾಟ ತಪ್ಪಿದ್ದಲ್ಲ. ಅದನ್ನು ದಪ್ಪನೆಯ ಶಹಾಬಾದ್ ಕಲ್ಲಿನ ಮೇಲೆ ಕೂರಿಸಿದ್ದೇವೆ. ಸುಣ್ಣದಕಲ್ಲನ್ನು ತೂಗುವುದೂ ಸುಣ್ಣದಕಲ್ಲಿನ ಮೇಲೇ! ಎಷ್ಟೇ ಸೆಕೆಯಿರಲಿ, ತೂಗುವಾಗ ಫ್ಯಾನ್ ಆರಿಸಲೇಬೇಕು. ಒಣ ಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆಗೆ ಸ್ಟ್ಯಾಟಿಕ್ ಹತ್ತಿ ಅಂಕಿ ನಿಲ್ಲುವುದೇ ಇಲ್ಲ, ಪುಡಿಗೆ ಅಲ್ಯುಮಿನಿಯಂ ತಟ್ಟೆಯೇ ವಾಸಿ. ದ್ರಾವಣದ ಶಕ್ತಿ ನೋಡಲು ಪ್ರಮಾಣಪತ್ರವಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಬಳಸುತ್ತೇವೆ. ಅದನ್ನು ಒವನ್‌ನಿಂದ ತೆಗೆದ ಬಿಸಿಯಲ್ಲೇ ತೂಗಿದರೆ ಸುತ್ತಲಿನ ಗಾಳಿ ಮೇಲೇರಿ ತೂಕ ಕಮ್ಮಿ ಕಾಣುತ್ತದೆ. ತೇವ ತಾಗದಂತೆ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಪೂರ್ತಿ ಆರಬೇಕು.

ತೂಕದಲ್ಲಿ ಕೆಲಸ ಮಾಡಿದರೂ ಕಾಡುವುದು ಆವಿ. ಮುಚ್ಚಳ ಬಿಗಿದಿದ್ದರೂ ಇಲ್ಲಿಯ ಬೇಸಿಗೆಗೆ ಬಾಟಲಿಯ ನೀರು ಸ್ವಲ್ಪಸ್ವಲ್ಪವೇ ಹೋಗಿ ದ್ರಾವಣದ ಶಕ್ತಿ ಏರುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಬಾಟಲಿ ತೂಗಿ ಲೇಬಲ್ ಮೇಲೆ ಬರೆದಿಡುತ್ತೇನೆ. ಮುಂದಿನ ಸಲ ತೆರೆಯುವ ಮುಂಚೆ ಮತ್ತೆ ತೂಕ. ಕಮ್ಮಿಯಾದದ್ದಷ್ಟೂ ನೀರು ಅಂತ ಹಿಡಿದು ಲೆಕ್ಕ ತಿದ್ದಿಕೊಳ್ಳುತ್ತೇನೆ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಏಕೆಂದರೆ ಒಳಗೋಡೆಗೆ ಬರೀ ನೀರಿನ ಹನಿ ಕೂತಿರುತ್ತದೆ.