ಮಳೆ ರಜೆಯ ಊರಲ್ಲಿ ನೋಟ್ಸ್ ಮತ್ತು ಫೋನ್

ಜೂನ್ ಕಳೆದ ಮೇಲೆ ಕೊಡಗಿನಲ್ಲಿ ಪಾಠ ಎಲ್ಲಿ ತುಂಡಾಗುತ್ತದೋ ಹೇಳೋಕಾಗಲ್ಲ. ಗಾಳಿಮಳೆ ಜೋರಾದರೆ ಶಾಲೆಗೆ ರಜೆ. ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಹಿಂದೆಯೇ ಟವರ್ ಕೂಡ ಹೋಗುತ್ತದೆ. ಸೋಮವಾರಪೇಟೆ ಕಡೆಯ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಆ್ಯಪ್ ಯಾವುದಾದರೂ ಸರಿ, ನೆಟ್ ಇಲ್ಲದೆ ನಡೆಯಬೇಕು.

ತರಗತಿಯಲ್ಲಿ ಮಾತ್ರ ಪೆನ್ನೇ. ಕೇಳಿದ್ದನ್ನು ಚಿಕ್ಕದು ಮಾಡಿ ಬರೆಯುವಾಗಲೇ ಮಕ್ಕಳ ತಲೆ ಓಡುವುದು. ಬೋರ್ಡಿನ ಫೋಟೊ ತೆಗೆದರೆ ಅದು ಗ್ಯಾಲರಿಯಲ್ಲಿ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ ಕ್ರಮವನ್ನೇ ಹಿಡಿದಿದ್ದೇನೆ. ಬಲಗಡೆ ನೋಟ್ಸ್, ಕೆಳಗೆ ಎರಡು ಸಾಲಿನ ಸಾರಾಂಶ. ಎಡಗಡೆಯ ಸಣ್ಣ ಜಾಗದಲ್ಲಿ ಪಾಠ ಮುಗಿದ ಮೇಲೆ ಮಕ್ಕಳೇ ಪ್ರಶ್ನೆ ಬರೆಯಬೇಕು.

ಹತ್ತನೇ ತರಗತಿಯ ಮೂತ್ರಪಿಂಡದ ಪಾಠ ನೋಡಿ. ಒಬ್ಬ ಹುಡುಗಿಯ ಪುಟದಲ್ಲಿ ಬಲಗಡೆ ನೆಫ್ರಾನ್ (ಮೂತ್ರಪಿಂಡದೊಳಗೆ ರಕ್ತ ಸೋಸುವ ಸಣ್ಣ ಘಟಕ) ಚಿತ್ರ, ಪಕ್ಕದಲ್ಲಿ 'ದಿನಕ್ಕೆ ಸೋಸುವುದು ಸುಮಾರು 180 ಲೀಟರ್, ಹೊರಗೆ ಹೋಗುವುದು 1–2 ಲೀಟರ್'. ಎಡಗಡೆ ಅವಳದೇ ಪ್ರಶ್ನೆ: 'ಉಳಿದ ನೀರು ಎಲ್ಲಿ ಹೋಯ್ತು?' ಓದಿ ನನಗೆ ತುಂಬ ಖುಷಿಯಾಯಿತು. ನೆಫ್ರಾನಿನ ನಳಿಕೆ ನೀರನ್ನು ಮತ್ತೆ ಹೀರಿ ರಕ್ತಕ್ಕೆ ಕೊಡುತ್ತದೆ ಅನ್ನುವ ಪಾಠದ ತಿರುಳಿಗೆ ಅವಳು ತಾನೇ ಬಂದು ನಿಂತಿದ್ದಳು.

ಫೋನಿನ ಕೆಲಸ ಇಲ್ಲಿಂದ ಶುರು. ಈ ಪ್ರಶ್ನೆಗಳನ್ನು ಆಂಕಿಡ್ರಾಯ್ಡ್ ಅನ್ನುವ ಫ್ಲ್ಯಾಶ್‌ಕಾರ್ಡ್ ಆ್ಯಪಿಗೆ ಹಾಕುತ್ತೇವೆ. ಅದು ಉಚಿತ, ಓದಲು ನೆಟ್ ಬೇಡ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ತಪ್ಪಿದ ಕಾರ್ಡು ಬೇಗ ಮತ್ತೆ ಬರುತ್ತದೆ, ಗೊತ್ತಿರುವುದು ತಡವಾಗಿ. ಟೈಪ್ ಮಾಡುವುದು ಕಷ್ಟ ಅನ್ನುವವರು ಜೀಬೋರ್ಡ್ ಅನ್ನುವ ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳುತ್ತಾರೆ. ವಿಜ್ಞಾನದ ಪದಗಳನ್ನು ಆಮೇಲೆ ಒಮ್ಮೆ ನೋಡಿ ತಿದ್ದಲೇಬೇಕು.

ತೋಟದ ಕೆಲಸಗಾರರು ಇರುವ ಸಾಲು ಮನೆಗಳಲ್ಲಿ (ಲೈನ್ ಮನೆ) ಎಷ್ಟೋ ಕಡೆ ಇರುವುದು ಒಂದೇ ಫೋನ್, ಅದೂ ಹಗಲೆಲ್ಲ ಅಪ್ಪನ ಜೇಬಲ್ಲಿ. ಹಾಗಾಗಿ ರಾತ್ರಿ ಹತ್ತು ನಿಮಿಷಕ್ಕಿಂತ ಜಾಸ್ತಿ ಫೋನ್ ಕೆಲಸ ಕೊಡುವುದಿಲ್ಲ. ಫೋನೇ ಸಿಗದವರು ಎಡಗಡೆಯ ಪ್ರಶ್ನೆ ನೋಡಿ, ಬಲಗಡೆಯನ್ನು ಕೈಯಲ್ಲಿ ಮುಚ್ಚಿ ಉತ್ತರ ಹೇಳಿಕೊಂಡರೂ ಆಯಿತು.

ತರಗತಿ ತಪ್ಪಿಸಿಕೊಂಡವರಿಗೆ ಗೆಳೆಯರ ಪುಟವನ್ನು ಸ್ಕ್ಯಾನ್ ಮಾಡಿ, ಪಿಡಿಎಫ್‌ಗೆ ಪಾಠದ ಹೆಸರು, ತಾರೀಖು ಹಾಕಿ, ಕ್ವಿಕ್ ಶೇರ್‌ನಲ್ಲಿ ಕಳಿಸುತ್ತೇನೆ. ಫೋನಿಂದ ಫೋನಿಗೆ ನೇರ ಹೋಗುವುದರಿಂದ ಡೇಟಾ ಬೇಡ. ಸ್ಕ್ಯಾನ್ ಮಾಡುವಾಗ ಎಡಗಡೆಯ ಮೇಲೆ ಬಿಳಿ ಹಾಳೆ ಇಟ್ಟು ಮುಚ್ಚುತ್ತೇನೆ. ಆ ಪ್ರಶ್ನೆಗಳನ್ನು ಅವರೇ ಹುಡುಕಿ ಬರೆಯಬೇಕು.