ಇಂಟರ್ನೆಟ್ ತಂತಿಯಲ್ಲಿ ಮಾತು: ಎಂಟು ಫೋನಿನ ಕಚೇರಿಗೆ ಐಪಿ ದೂರವಾಣಿ ಹಾಕುವ ಬಗೆ

ಕಚೇರಿಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ, ವಿಡಿಯೊ ಎಲ್ಲೂ ನಿಲ್ಲದೆ ಓಡುತ್ತದೆ. ಆದರೂ ಐಪಿ ಫೋನಿನಲ್ಲಿ ಮಾತು ನಡುನಡುವೆ ನುಂಗಿಹೋಗುತ್ತದೆ. 200ರ ಪ್ಲಾನ್‌ಗೆ ಬದಲಾಯಿಸಿದರೂ ದೂರು ಹಾಗೇ ಉಳಿಯುತ್ತದೆ. ಯಾಕೆಂದರೆ ಒಂದು ಕರೆಗೆ 100 ಕೆಬಿಪಿಎಸ್ ಕೂಡ ಬೇಕಿಲ್ಲ. ಬೇಕಿರುವುದು ಪ್ರತಿ 20 ಮಿಲಿಸೆಕೆಂಡಿಗೆ ಮಾತಿನ ಒಂದು ಪ್ಯಾಕೆಟ್ (ಸಣ್ಣ ಕಂತೆ) ಹೊತ್ತಿಗೆ ಸರಿಯಾಗಿ ಬಂದು ತಲುಪುವುದು. ವಿಡಿಯೊವನ್ನು ಹತ್ತು ಸೆಕೆಂಡ್ ಮುಂಚೆಯೇ ಇಳಿಸಿಟ್ಟುಕೊಳ್ಳಬಹುದು. ಆಚೆಯವರು ಇನ್ನೂ ಆಡದ ಮಾತನ್ನು ಮೊದಲೇ ತರಿಸಿಟ್ಟುಕೊಳ್ಳಲು ಆಗದು.

ಸಣ್ಣ ಕಚೇರಿ, ಕ್ಲಿನಿಕ್ ಅಥವಾ ಸಹಕಾರ ಸಂಘ, ಎಂಟು ಫೋನು: ಇಷ್ಟನ್ನು ಲೆಕ್ಕಕ್ಕಿಟ್ಟುಕೊಂಡು ಕೆಲಸ ಶುರುಮಾಡೋಣ. ಮೊದಲು ಕರೆ ಸಾಗುವ ರೀತಿ ಅರ್ಥವಾಗಬೇಕು. ಅದು ಗೊತ್ತಿದ್ದವರಿಗೆ ಮುಂದೆ ಕೆಟ್ಟದ್ದನ್ನು ಸರಿಪಡಿಸುವುದು ಸುಲಭ.

ಮಾತು ಪ್ಯಾಕೆಟ್ ಆಗುವುದು

ಮೈಕಿಗೆ ಬಿದ್ದ ದನಿಯನ್ನು ಫೋನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ಸೆಕೆಂಡಿಗೆ 64,000 ಬಿಟ್ ಆಯಿತು. ಇದು ಜಿ.711 ಕೋಡೆಕ್, ಅಂದರೆ ದನಿಯನ್ನು ಅಂಕಿಗಳಾಗಿಸುವ ಒಂದು ಕ್ರಮ. ಇದರಲ್ಲಿ ಎರಡು ಬಗೆಯಿದೆ: ಭಾರತ ಮತ್ತು ಯುರೋಪಿನಲ್ಲಿ ಎ-ಲಾ, ಅಮೆರಿಕ ಮತ್ತು ಜಪಾನಿನಲ್ಲಿ ಮ್ಯೂ-ಲಾ. ನಮ್ಮ ಫೋನುಗಳಲ್ಲಿ ಎ-ಲಾ ಮೊದಲ ಆಯ್ಕೆಯಾಗಿರಲಿ.

20 ಮಿಲಿಸೆಕೆಂಡಿನ ಮಾತಿಗೆ 160 ಬೈಟ್. ಅದರ ಮೇಲೆ ಸಾಗಣೆಯ ಮೂರು ಒಪ್ಪಂದಗಳು ಅಂಟಿಸುವ ವಿವರ, ಅಂದರೆ ಆರ್‌ಟಿಪಿಯ 12, ಯುಡಿಪಿಯ 8, ಐಪಿಯ 20 ಬೈಟ್ ತಲೆಪಟ್ಟಿ ಸೇರಿ 200 ಬೈಟ್‌ನ ಪ್ಯಾಕೆಟ್ ಆಗುತ್ತದೆ. ಸೆಕೆಂಡಿಗೆ ಇಂಥವು 50, ಅಂದರೆ ಹೋಗುವ ದಿಕ್ಕಿಗೆ 80 ಕೆಬಿಪಿಎಸ್, ಬರುವ ದಿಕ್ಕಿಗೆ ಅಷ್ಟೇ. ಈಥರ್ನೆಟ್‌ನ ಹೊದಿಕೆ ಸೇರಿದರೆ ಸುಮಾರು 87. ಎಂಟೂ ಫೋನು ಒಟ್ಟಿಗೆ ಮಾತಾಡಿದರೂ 700 ಕೆಬಿಪಿಎಸ್ ಮೀರುವುದಿಲ್ಲ. ಜಿ.729 ಕೋಡೆಕ್ ಮಾತನ್ನು 8 ಕೆಬಿಪಿಎಸ್‌ಗೆ ಇಳಿಸುತ್ತದೆ ನಿಜ, ಆದರೆ 20 ಬೈಟ್ ಮಾತಿಗೆ 40 ಬೈಟ್ ತಲೆಪಟ್ಟಿ ಹೊರಬೇಕಾಗಿ ಕೊನೆಗೆ 24 ಆಗುತ್ತದೆ. ಫೈಬರ್ ಇರುವ ಕಚೇರಿಯಲ್ಲಿ ಇದಕ್ಕಾಗಿ ದನಿಯ ಗುಣಮಟ್ಟ ಬಿಟ್ಟುಕೊಡುವುದು ಬೇಡ.

ದಾರಿಯಲ್ಲಿ ಕಳೆದ ಪ್ಯಾಕೆಟನ್ನು ಮತ್ತೆ ಕಳಿಸುವ ಪದ್ಧತಿ ಇಲ್ಲಿಲ್ಲ. ಮತ್ತೆ ಬರುವಷ್ಟರಲ್ಲಿ ಆ ಮಾತಿನ ಹೊತ್ತು ಮೀರಿರುತ್ತದೆ. ಹಾಗಾಗಿಯೇ ಕಳೆದದ್ದನ್ನು ಮತ್ತೆ ಕಳಿಸುವ ಟಿಸಿಪಿ ಬಿಟ್ಟು ಯುಡಿಪಿ. ಪ್ರತಿ ಆರ್‌ಟಿಪಿ ಪ್ಯಾಕೆಟ್ ಮೇಲೆ ಕ್ರಮಸಂಖ್ಯೆ ಮತ್ತು ಸಮಯದ ಗುರುತು ಇರುತ್ತದೆ. ಅದನ್ನು ನೋಡಿ ಆಚೆಯ ಫೋನು ಪ್ಯಾಕೆಟ್‌ಗಳನ್ನು ಜೋಡಿಸಿಕೊಳ್ಳುತ್ತದೆ. ಹತ್ತು ನಿಮಿಷಕ್ಕೊಂದು ಬರಬೇಕಾದ ಬಸ್ಸು ಅರ್ಧ ಗಂಟೆ ಕಾಯಿಸಿ ಮೂರು ಒಟ್ಟಿಗೆ ಬಂದ ಹಾಗೆ ಪ್ಯಾಕೆಟ್‌ಗಳೂ ಬರುತ್ತವೆ. ಈ ಏರುಪೇರೇ ಜಿಟರ್. ಅದನ್ನು ಸಮಮಾಡಲು ಫೋನು 40–60 ಮಿಲಿಸೆಕೆಂಡ್‌ನಷ್ಟು ಮಾತನ್ನು ಜಿಟರ್ ಬಫರ್‌ನಲ್ಲಿ ತಡೆದು ನುಡಿಸುತ್ತದೆ. ಬಫರ್ ಹಿಗ್ಗಿಸಿದರೆ ತುಂಡಾಗುವುದು ಕಡಿಮೆ, ತಡವಾಗುವುದು ಜಾಸ್ತಿ. ಬಾಯಿಂದ ಕಿವಿಗೆ ಒಟ್ಟು 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. 400 ದಾಟಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತಾರೆ.

ಕರೆ ಜೋಡಿಸುವುದು ಬೇರೆ, ಮಾತು ಬೇರೆ

ಈ ವ್ಯವಸ್ಥೆಯಲ್ಲಿ ಅತಿ ಮುಖ್ಯವಾಗಿ ನೆನಪಿಡಬೇಕಾದದ್ದು ಇದೇ. ಫೋನು ರಿಂಗ್ ಆಗುವುದು, ಎತ್ತುವುದು, ಇಡುವುದು ಎಲ್ಲ ಎಸ್‌ಐಪಿ ಎಂಬ ಒಪ್ಪಂದದ ಕೆಲಸ. ಸಾಮಾನ್ಯವಾಗಿ 5060ನೇ ಪೋರ್ಟ್ (ಒಂದೇ ಯಂತ್ರದಲ್ಲಿ ಬೇರೆ ಬೇರೆ ಕೆಲಸಗಳಿಗೆ ಇರುವ ಬಾಗಿಲಿನ ಸಂಖ್ಯೆ). ಇದರ ಈಗಿನ ರೂಪ 2002ರಲ್ಲಿ ಬಂತು. ಮಾತು ಮಾತ್ರ ಆರ್‌ಟಿಪಿಯಲ್ಲಿ, ಬೇರೆಯೇ ಪೋರ್ಟ್‌ಗಳಲ್ಲಿ ಹರಿಯುತ್ತದೆ.

101ನೇ ಫೋನಿನವರು 105 ಒತ್ತಿದರೆ, ಕರೆಗಳನ್ನು ಜೋಡಿಸುವ ಕಂಪ್ಯೂಟರಾದ ಸರ್ವರ್‌ಗೆ ‘ಇನ್ವೈಟ್’ ಸಂದೇಶ ಹೋಗುತ್ತದೆ. ಅದರೊಳಗೆ ‘ನನ್ನ ಐಪಿ ವಿಳಾಸ ಇದು, ಮಾತನ್ನು ಈ ಪೋರ್ಟ್‌ಗೆ ಕಳಿಸಿ, ನನಗೆ ಈ ಕೋಡೆಕ್‌ಗಳು ಬರುತ್ತವೆ’ ಎಂಬ ಪಟ್ಟಿ ಇರುತ್ತದೆ. ‘180 ರಿಂಗಿಂಗ್’ ಬಂದಾಗ ಕಿವಿಯಲ್ಲಿ ಟ್ರಿಣ್ ಟ್ರಿಣ್. ಆಚೆಯವರು ಎತ್ತಿದಾಗ ಅವರ ವಿಳಾಸ, ಪೋರ್ಟ್ ಹೊತ್ತ ‘200 ಓಕೆ’. ಕರೆದವರು ‘ಆ್ಯಕ್’ ಕಳಿಸಿ ಖಾತ್ರಿಪಡಿಸುತ್ತಾರೆ. ಫೋನಿಟ್ಟರೆ ‘ಬೈ’. ರಿಂಗ್ ಆಗಿ ಮಾತು ಕೇಳದಿದ್ದರೆ ಎಸ್‌ಐಪಿ ಸರಿಯಿದೆ, ಆರ್‌ಟಿಪಿಯ ದಾರಿ ಮುಚ್ಚಿದೆ. ರಿಂಗೇ ಆಗದಿದ್ದರೆ ಮೊದಲು ಎಸ್‌ಐಪಿ ಕಡೆ ನೋಡಬೇಕು.

ಸಾಮಗ್ರಿ ಮತ್ತು ಕರೆಂಟು

ಬೇಕಾದದ್ದು: ಎಂಟು ಐಪಿ ಫೋನು, ತಂತಿಯಲ್ಲೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಒಂದು, ಕ್ಯಾಟ್-6 ಕೇಬಲ್, ಸರ್ವರ್ ಆಗಿ ಒಂದು ಮಿನಿ ಪಿಸಿ, ಮಾತಿನ ಪ್ಯಾಕೆಟ್‌ಗೆ ಆದ್ಯತೆ ಕೊಡಬಲ್ಲ ರೂಟರ್, ಯುಪಿಎಸ್. ಸ್ವಿಚ್‌ನಲ್ಲಿ ಎಂಟು ಪಿಒಇ ಪೋರ್ಟ್ ಅಲ್ಲದೆ ಸರ್ವರ್ ಮತ್ತು ರೂಟರ್‌ಗೆ ಇನ್ನೆರಡು ಪೋರ್ಟ್ ಇರಲಿ. ಮೇಜಿನ ಫೋನುಗಳಿಗೆ ವೈಫೈ ನೆಚ್ಚಿಕೊಳ್ಳಬೇಡಿ. ಗಾಳಿಯ ಅಲೆಗಾಗಿ ಎಲ್ಲ ಸಾಧನಗಳೂ ಸರದಿ ಕಾಯಬೇಕು, ಜಿಟರ್ ಹುಟ್ಟುವುದು ಅಲ್ಲೇ. ಒಂದು ಕೇಬಲ್ 100 ಮೀಟರ್ ಮೀರಬಾರದು.

ಹಳೆಯ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತಿತ್ತು, ಊರಲ್ಲಿ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಐಪಿ ಫೋನಿಗೆ ಆ ಭಾಗ್ಯವಿಲ್ಲ. ಸ್ವಿಚ್, ಸರ್ವರ್, ರೂಟರ್, ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ, ನಾಲ್ಕೂ ಯುಪಿಎಸ್ ಮೇಲಿರಬೇಕು. ಎಷ್ಟೋ ಕಡೆ ಓಎನ್‌ಟಿಯನ್ನು ಮರೆತು ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿರುತ್ತಾರೆ. ಕರೆಂಟು ಹೋದ ಕ್ಷಣ ಹೊರಗಿನ ಕರೆ ಸತ್ತಿರುತ್ತದೆ. ಫೋನಿಗೆ 3ರಿಂದ 5 ವಾಟ್ ಹಿಡಿದರೆ ಎಲ್ಲ ಸೇರಿ 60–70 ವಾಟ್. ಅಂಗಡಿಯ ಸಾಮಾನ್ಯ 600 ವಿಎ ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿ ಇದನ್ನು ಅರ್ಧ ಗಂಟೆ ಎಳೆದರೆ ಹೆಚ್ಚು. ಕಚೇರಿಯ ಇನ್ವರ್ಟರ್ ಲೈನಿಗೆ ಯುಪಿಎಸ್ ಜೋಡಿಸಿಬಿಟ್ಟರೆ ನೆಮ್ಮದಿ.

ಸರ್ವರ್

ಕರೆಗಳನ್ನು ಜೋಡಿಸುವ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ 1999ರಿಂದ ಇದೆ, ಉಚಿತ. ಬ್ರೌಸರ್‌ನಲ್ಲೇ ಎಲ್ಲ ನೋಡಿಕೊಳ್ಳಲು ಅದರ ಮೇಲೆ ಫ್ರೀಪಿಬಿಎಕ್ಸ್ ಹಾಕಿಕೊಳ್ಳಬಹುದು. ಸರ್ವರ್‌ಗೆ ಬದಲಾಗದ ಒಳ ಐಪಿ ಕೊಡಿ. 101ರಿಂದ 108ರವರೆಗೆ ಎಕ್ಸ್‌ಟೆನ್ಷನ್ (ಒಳಗಿನ ಫೋನ್ ಸಂಖ್ಯೆ) ತೆರೆಯಿರಿ. ಪಾಸ್‌ವರ್ಡ್ ಕನಿಷ್ಠ 16 ಅಕ್ಷರದ್ದು ಇರಲಿ. ಎಕ್ಸ್‌ಟೆನ್ಷನ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡುವುದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಪ್ರತಿ ಫೋನಿನ ಪುಟದಲ್ಲಿ ಸರ್ವರ್ ಐಪಿ, ಸಂಖ್ಯೆ, ಪಾಸ್‌ವರ್ಡ್ ತುಂಬಿ, ಕೋಡೆಕ್ ಪಟ್ಟಿಯಲ್ಲಿ ಎ-ಲಾ ಮೇಲಕ್ಕೆ ತನ್ನಿ. ‘ರಿಜಿಸ್ಟರ್ಡ್’ ಎಂದು ಬಂದರೆ ಒಳಗಿನ ಕರೆ ಸಿದ್ಧ.

5060ನೇ ಪೋರ್ಟನ್ನು ರೂಟರ್‌ನಲ್ಲಿ ಇಡೀ ಇಂಟರ್ನೆಟ್‌ಗೆ ತೆರೆದಿಡಬೇಡಿ. ತೆರೆದ ಎಸ್‌ಐಪಿ ಸರ್ವರ್‌ಗಳನ್ನು ಹುಡುಕುವ ಯಂತ್ರಗಳು ಹಗಲಿರುಳು ಓಡಾಡುತ್ತಿರುತ್ತವೆ. ಪಾಸ್‌ವರ್ಡ್ ಸಿಕ್ಕರೆ ರಾತ್ರೋರಾತ್ರಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡಿ ಬಿಲ್ಲು ನಿಮ್ಮ ತಲೆಗೆ ಕಟ್ಟುತ್ತಾರೆ. ಐಎಸ್‌ಡಿ ಬೇಡವಾದರೆ ಟ್ರಂಕ್‌ನಲ್ಲೇ, ಅಂದರೆ ದೂರಸಂಪರ್ಕ ಕಂಪನಿ ಕೊಡುವ ಹೊರಗಿನ ಲೈನ್‌ನಲ್ಲೇ, ಮುಚ್ಚಿಸಿ.

ರೂಟರ್: ಗುಣಮಟ್ಟ ತೀರ್ಮಾನವಾಗುವ ಜಾಗ

ಯಾರೋ ಒಬ್ಬರು ದೊಡ್ಡ ಫೈಲ್ ಕಳಿಸುತ್ತಾರೆ. ಮೋಡೆಮ್‌ನಲ್ಲಿ 256 ಕಿಲೋಬೈಟ್ ಹಿಡಿಯುವ ಸಾಲು ಇದ್ದು ಅಪ್‌ಲೋಡ್ 1 ಎಂಬಿಪಿಎಸ್ ಆಗಿದ್ದರೆ, ಆ ಸಾಲಿನ ಕೊನೆಗೆ ಸೇರಿದ ಮಾತಿನ ಪ್ಯಾಕೆಟ್ ಹೊರಬೀಳಲು ಎರಡು ಸೆಕೆಂಡ್ ಬೇಕು. 10 ಎಂಬಿಪಿಎಸ್ ಇದ್ದರೂ 200 ಮಿಲಿಸೆಕೆಂಡ್. 150ರ ಮಿತಿ ಇಲ್ಲೇ ಮುಗಿಯಿತು.

ಪರಿಹಾರ ಎರಡು ಹೆಜ್ಜೆಯದು. ಮೊದಲು ರೂಟರ್‌ನ ಕ್ಯೂಒಎಸ್ (ಆದ್ಯತೆ ನಿಗದಿ) ಪುಟದಲ್ಲಿ ಅಪ್‌ಲೋಡ್ ವೇಗವನ್ನು ನಿಜವಾಗಿ ಸಿಗುವುದರ 85–90 ಶೇಕಡಕ್ಕೆ ಮಿತಿಗೊಳಿಸಿ. ಆಗ ಸಾಲು ಮೋಡೆಮ್‌ನಲ್ಲಿ ಕಟ್ಟದೆ, ನಿಮ್ಮ ಹಿಡಿತದಲ್ಲಿರುವ ರೂಟರ್‌ನಲ್ಲೇ ಕಟ್ಟುತ್ತದೆ. ಆಮೇಲೆ ಆರ್‌ಟಿಪಿಗೆ ಮೊದಲ ಆದ್ಯತೆ ಕೊಡಿ. ಫೋನುಗಳು ಪ್ಯಾಕೆಟ್ ಮೇಲೆ ಹಾಕುವ ಡಿಎಸ್‌ಸಿಪಿ 46 ಎಂಬ ಗುರುತನ್ನು ರೂಟರ್ ಗೌರವಿಸುವಂತೆ ಮಾಡಿ. ಈ ಗುರುತು ನಿಮ್ಮ ರೂಟರ್‌ವರೆಗೆ ಮಾತ್ರ ನಂಬಿಕಸ್ತ. ಆಚೆಯ ಸಾರ್ವಜನಿಕ ಇಂಟರ್ನೆಟ್ ಅದನ್ನು ಲೆಕ್ಕಿಸುವ ಖಾತ್ರಿಯಿಲ್ಲ. ಮೊಬೈಲ್‌ನ ವೋಲ್ಟಿ (4ಜಿ ಜಾಲದ) ಕರೆಯೂ ಇದೇ ಎಸ್‌ಐಪಿ, ಆರ್‌ಟಿಪಿಯಲ್ಲೇ ನಡೆಯುತ್ತದೆ; ಆದರೆ ಅಲ್ಲಿ ಕಂಪನಿ ಮಾತಿಗೆಂದೇ ಖಾತ್ರಿ ವೇಗದ ಪ್ರತ್ಯೇಕ ದಾರಿ ಮೀಸಲಿಡುತ್ತದೆ. ಅದೇ ಟವರ್‌ನಲ್ಲಿ ವಾಟ್ಸ್ಆ್ಯಪ್ ಕರೆ ತುಂಡಾಗುತ್ತಿದ್ದರೂ ವೋಲ್ಟಿ ಸ್ಪಷ್ಟವಾಗಿರುವುದು ಇದರಿಂದ.

ಮುಗಿದ ಮೇಲೆ ಪರೀಕ್ಷಿಸಿ. ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಚ್ಚಿ, ಅದು ನಡೆಯುತ್ತಿರುವಾಗಲೇ ಟ್ರಂಕ್ ಕೊಟ್ಟ ಕಂಪನಿಯ ಸರ್ವರ್‌ಗೆ ಅದೇ ಡಿಎಸ್‌ಸಿಪಿ 46 ಗುರುತು ಹಾಕಿದ 100 ಪಿಂಗ್ (ಹೋಗಿ ಮರಳುವ ಪರೀಕ್ಷಾ ಪ್ಯಾಕೆಟ್) ಕಳಿಸಿ. ಒಂದಕ್ಕಿಂತ ಹೆಚ್ಚು ಕಳೆಯಬಾರದು; ಸಮಯದ ಏರಿಳಿತ 30 ಮಿಲಿಸೆಕೆಂಡ್ ಒಳಗಿರಬೇಕು. ಖಾಲಿ ಲೈನ್ ಮೇಲಿನ ಸ್ಪೀಡ್ ಟೆಸ್ಟ್ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಹೊರಗಿನ ಲೈನ್

ಹೊರಗಿನ ಕರೆಗೆ ಪರವಾನಗಿ ಇರುವ ದೂರಸಂಪರ್ಕ ಕಂಪನಿಯಿಂದಲೇ ಎಸ್‌ಐಪಿ ಟ್ರಂಕ್ ತೆಗೆದುಕೊಳ್ಳಿ. ಎಂಟು ಫೋನಿಗೆ ಮೂರ್ನಾಲ್ಕು ಚಾನೆಲ್, ಅಂದರೆ ಒಂದೇ ಹೊತ್ತಿಗೆ ಮೂರ್ನಾಲ್ಕು ಕರೆ, ಸಾಕು. ಹಲವು ಸಿಮ್ ತುಂಬಿದ ಸಿಮ್ ಬಾಕ್ಸ್ ಇಟ್ಟು ವಿದೇಶದ ಇಂಟರ್ನೆಟ್ ಕರೆಗಳನ್ನು ಸ್ಥಳೀಯ ಕರೆಯಂತೆ ತಿರುಗಿಸುವುದು ಅಪರಾಧ. ಬೆಂಗಳೂರಿನಲ್ಲೇ 2021ರಲ್ಲಿ ಪೊಲೀಸರು ಇಂಥ ಅಕ್ರಮ ಎಕ್ಸ್‌ಚೇಂಜ್‌ಗಳನ್ನು ಪತ್ತೆಹಚ್ಚಿದ್ದರು. ಮನೆಯಿಂದ ಕೆಲಸ ಮಾಡುವವರ ಫೋನನ್ನು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಮೂಲಕ ಸೇರಿಸಿ. ಅವರು ಟ್ರಂಕ್‌ನಿಂದ ಹೊರಗೆ ಕರೆ ಮಾಡಬಹುದೇ ಎಂಬುದನ್ನು ಮೊದಲೇ ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ಕೆಡುವ ಬಗೆಗಳು

ಒಬ್ಬರದ್ದು ಕೇಳುತ್ತದೆ, ಇನ್ನೊಬ್ಬರದ್ದು ಕೇಳುವುದಿಲ್ಲ. ಸರ್ವರ್ ತನ್ನ ‘ಇನ್ವೈಟ್’ನಲ್ಲಿ 192.168ರಿಂದ ಶುರುವಾಗುವ ಒಳವಿಳಾಸ ಬರೆದು ಕಳಿಸಿದೆ, ಹೊರಗಿನವರಿಗೆ ಆ ವಿಳಾಸ ತಲುಪದು. ಸರ್ವರ್‌ನ ನ್ಯಾಟ್ (ಒಳ-ಹೊರ ವಿಳಾಸ ಬದಲಿಸುವ) ಪುಟದಲ್ಲಿ ಸಾರ್ವಜನಿಕ ಐಪಿ ಮತ್ತು ಒಳಜಾಲದ ವಿಳಾಸ ಎರಡನ್ನೂ ತುಂಬಿ. ಆರ್‌ಟಿಪಿ ಪೋರ್ಟ್‌ಗಳಿಗೆ (ಆಸ್ಟರಿಸ್ಕ್‌ನಲ್ಲಿ ಸಾಮಾನ್ಯವಾಗಿ 10000–20000) ಟ್ರಂಕ್ ಕಂಪನಿಯ ವಿಳಾಸಗಳಿಂದ ಬರುವ ಪ್ಯಾಕೆಟ್‌ಗಳನ್ನು ಮಾತ್ರ ಒಳಬಿಡಿ. ರೂಟರ್‌ನ ‘ಎಸ್‌ಐಪಿ ಎಎಲ್‌ಜಿ’ ಆಫ್ ಮಾಡಿ. ಸಹಾಯಕ್ಕೆಂದು ಇಟ್ಟ ಈ ಸೌಲಭ್ಯ ಸಂದೇಶದೊಳಗಿನ ವಿಳಾಸಗಳನ್ನು ತಿದ್ದಲು ಹೋಗಿ ಹಾಳುಮಾಡುವುದೇ ಹೆಚ್ಚು.

ಕರೆ ಎತ್ತಿದ 32 ಸೆಕೆಂಡಿಗೆ ಸರಿಯಾಗಿ ಕಡಿದುಹೋಗುತ್ತದೆ. ಈ 32 ಆಕಸ್ಮಿಕವಲ್ಲ. ಎತ್ತಿದವರ ‘200 ಓಕೆ’ಗೆ ‘ಆ್ಯಕ್’ ಬರದಿದ್ದರೆ ಎಸ್‌ಐಪಿ ಅರ್ಧ ಸೆಕೆಂಡಿನ 64 ಪಟ್ಟು ಕಾದು, ನಡುವೆ ಮತ್ತೆ ಮತ್ತೆ ಕಳಿಸಿ, ಕೊನೆಗೆ ಕರೆ ಮುಗಿಸುತ್ತದೆ. ಇದರ ಮೂಲವೂ ಬಹುಪಾಲು ತಪ್ಪು ವಿಳಾಸವೇ.

ಹೊರಕರೆ ಹೋಗುತ್ತದೆ, ಒಳಕರೆ ಸ್ವಲ್ಪ ಹೊತ್ತಿನ ನಂತರ ಬರುವುದು ನಿಲ್ಲುತ್ತದೆ. ಮಾತಿಲ್ಲದೆ ಒಂದು ನಿಮಿಷ ಕಳೆದರೆ ಎಷ್ಟೋ ರೂಟರ್‌ಗಳು ಯುಡಿಪಿ ದಾರಿಯನ್ನು ಮುಚ್ಚಿಬಿಡುತ್ತವೆ. ದಾರಿ ತೆರೆದಿಡಲು ಪ್ರತಿ 25 ಸೆಕೆಂಡಿಗೊಮ್ಮೆ ಕೀಪ್-ಅಲೈವ್ ಎಂಬ ಪುಟ್ಟ ಸಂದೇಶ ಕಳಿಸುವಂತೆ ಮಾಡಿದರೆ ಸರಿಹೋಗುತ್ತದೆ.

ನಿಮ್ಮ ದನಿ ನಿಮಗೇ ಮರಳಿ ಕೇಳುತ್ತಿದ್ದರೆ ತಪ್ಪು ಬಹುತೇಕ ಆಚೆ ತುದಿಯಲ್ಲಿದೆ. ಅಲ್ಲಿನ ಸ್ಪೀಕರ್ ಸದ್ದು ಅವರ ಮೈಕಿಗೆ ಬೀಳುತ್ತಿದೆ, ಇಲ್ಲವೇ ಲ್ಯಾಂಡ್‌ಲೈನಿನ ಎರಡು ತಂತಿ ಸೇರುವಲ್ಲಿ ದನಿ ಮರಳುತ್ತಿದೆ. ನಿಮ್ಮ ಫೋನಿನ ಸೆಟ್ಟಿಂಗ್ ಕೆದಕಿ ಪ್ರಯೋಜನವಿಲ್ಲ.

ಬ್ಯಾಂಕಿಗೆ ಕರೆ ಮಾಡಿ ‘ಕನ್ನಡಕ್ಕಾಗಿ’ ಹೇಳಿದ ಅಂಕಿ ಒತ್ತಿದರೂ ಆ ಕಡೆ ಗೊತ್ತಾಗದಿದ್ದರೆ, ಅಂಕಿಯ ಸದ್ದು ಮಾತಿನ ಜೊತೆಗೇ ಹೋಗಿ ದಾರಿಯಲ್ಲಿ ಕೆಡುತ್ತಿರಬಹುದು. ಡಿಟಿಎಂಎಫ್ (ಅಂಕಿಯ ಸದ್ದು) ಆಯ್ಕೆಯನ್ನು ‘ಇನ್‌ಬ್ಯಾಂಡ್’ನಿಂದ ‘ಆರ್‌ಎಫ್‌ಸಿ 4733’ಕ್ಕೆ ಬದಲಿಸಿ, ಕೆಲವು ಫೋನುಗಳಲ್ಲಿ ಇದೇ ಆಯ್ಕೆ 2833 ಎಂಬ ಹಳೆಯ ಸಂಖ್ಯೆಯಲ್ಲಿರುತ್ತದೆ. ಫೋನು, ಸರ್ವರ್, ಟ್ರಂಕ್ ಮೂರರಲ್ಲೂ ಅದು ಒಂದೇ ಇರಬೇಕು.