ಮಹಾಯುದ್ಧಗಳ ಪದಕ ಮತ್ತು ಮನೆತನದ ಕತೆ: ಸಂಗ್ರಹಿಸುವುದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಕಡಲಾಚೆಗೆ ಹೋದವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಎರಡನೆಯದು ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷಕ್ಕೆ ಏರಿತ್ತು. ಇವರಲ್ಲಿ ಅಸಂಖ್ಯ ಮಂದಿಗೆ ಪದಕ ಸಂದಿತು, ಇನ್ನೆಷ್ಟೋ ಮಂದಿ ತಮಗೆ ಸಲ್ಲಬೇಕಾದುದನ್ನು ಕೇಳಿ ಪಡೆಯಲೇ ಇಲ್ಲ. ಸೈನ್ಯಕ್ಕೆ ಸೇರುವ ಪರಂಪರೆಯಿದ್ದ ಕೊಡಗಿನ ಮನೆಗಳು, 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿರುವ ಬೆಳಗಾವಿಯ ಸುತ್ತಲಿನ ಹಳ್ಳಿಗಳು, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ನೆಲೆಸಿದ ಬೆಂಗಳೂರಿನ ಹಲಸೂರು, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸವಾರರ ಕುಟುಂಬಗಳು ಇರುವ ಊರುಗಳು, ಇಲ್ಲೆಲ್ಲ ಪದಕಗಳು ಇಂದಿಗೂ ಟ್ರಂಕಿನಲ್ಲೋ ದೇವರ ಕೋಣೆಯ ಗೂಡಿನಲ್ಲೋ ಇರುವ ಸಂಭವ ಹೆಚ್ಚು.

ಪದಕ ಸಂಗ್ರಹ ಎಂದರೆ ಸಂತೆಯಲ್ಲಿ ಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುವುದು ಎಂಬುದು ರೂಢಿಯ ತಿಳಿವಳಿಕೆ. ಈ ಲೇಖನ ಆ ಬಗೆಯ ಸಂಗ್ರಹಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಪದಕವು ಅದನ್ನು ಪಡೆದವನ ಮನೆಯಲ್ಲೇ ಉಳಿದು, ಅದರ ಚಿತ್ರ, ವಿವರ ಮತ್ತು ಹಿನ್ನೆಲೆ ನಿಮ್ಮ ಕಡತದಲ್ಲಿ ಇದ್ದರೆ ಸಂಗ್ರಹಕ್ಕೆ ಏನೂ ಕೊರತೆಯಾಗುವುದಿಲ್ಲ ಎಂಬುದು ಈ ಬರಹಗಾರನ ನಿಲುವು. ನಿಮ್ಮ ಮನೆಯ ಒಂದೇ ಪದಕದಿಂದಲೂ ಕೆಲಸ ಆರಂಭಿಸಬಹುದು.

ಮೊದಲು ಅಂಚನ್ನು ಓದಿ

ಹೊಸಬರು ಪದಕದ ಮುಖವನ್ನು ನೋಡುತ್ತಾರೆ, ಪಳಗಿದವರು ಅಂಚನ್ನು ನೋಡುತ್ತಾರೆ. ಮೊದಲ ಮಹಾಯುದ್ಧದ ದುಂಡನೆಯ ಪದಕಗಳ ಅಂಚಿನ ಸುತ್ತ ಸೈನಿಕನ ಕ್ರಮಸಂಖ್ಯೆ, ದರ್ಜೆ, ಹೆಸರು ಮತ್ತು ಪಲ್ಟನ್ನಿನ (ರೆಜಿಮೆಂಟಿನ) ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ; ನಕ್ಷತ್ರಾಕಾರದ ಪದಕಗಳಲ್ಲಿ ಇದೇ ವಿವರ ಹಿಂಬದಿಯಲ್ಲಿರುತ್ತದೆ. ಕತ್ತಲಾದ ಕೋಣೆಯಲ್ಲಿ ಪದಕವನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಟಾರ್ಚಿನ ಬೆಳಕನ್ನು ಅಂಚಿನ ಮೇಲೆ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಸವೆದುಹೋದಂತೆ ಕಾಣುವ ಅಕ್ಷರಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದುಕೊಳ್ಳಿ. ಅನುಮಾನವಿರುವ ಅಕ್ಷರದ ಜಾಗದಲ್ಲಿ ಊಹೆಯನ್ನು ತುಂಬಬೇಡಿ, ಚುಕ್ಕೆ ಹಾಕಿ ಬಿಡಿ.

ಅಂಚಿನ ಬರಹವನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು. ಹೆಸರನ್ನು ಬರೆದ ಗುಮಾಸ್ತನಿಗೆ ಕನ್ನಡ ಬಾರದಿದ್ದರೆ ಬಸಪ್ಪ, ತಿಮ್ಮಯ್ಯ, ಮುನಿಸ್ವಾಮಿ ಎಂಬ ಹೆಸರುಗಳು ಅವನ ಕಿವಿಗೆ ಬಿದ್ದ ರೂಪದಲ್ಲೇ ಅಚ್ಚಾಗಿರುತ್ತವೆ. ತಂದೆಯ ಹೆಸರಾಗಲಿ ಊರಾಗಲಿ ಅಲ್ಲಿರುವುದಿಲ್ಲ. ಕ್ರಮಸಂಖ್ಯೆಯೊಂದನ್ನೇ ನೆಚ್ಚಿ ಹುಡುಕುವುದೂ ವ್ಯರ್ಥ, ಏಕೆಂದರೆ ಆಗ ಒಂದೊಂದು ಪಲ್ಟನ್ನೂ ತನ್ನದೇ ಆದ ಸಂಖ್ಯೆಗಳನ್ನು ಕೊಡುತ್ತಿದ್ದುದರಿಂದ ಒಂದೇ ಸಂಖ್ಯೆಯ ಹಲವರು ಸೇನೆಯಲ್ಲಿದ್ದರು. ಸಂಖ್ಯೆ ಮತ್ತು ಪಲ್ಟನ್ ಎರಡೂ ಕೂಡಿದಾಗ ಮಾತ್ರ ವ್ಯಕ್ತಿ ಸಿಗುತ್ತಾನೆ.

ಪಲ್ಟನ್ನಿನ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಹಲಸೂರಿನ ಸ್ಯಾಪರ್ ಒಬ್ಬನಿಗೆ ಮೊದಲ ಯುದ್ಧದಲ್ಲಿ ಸಂದ ಪದಕದ ಮೇಲೆ 'ಮದ್ರಾಸ್' ಎಂಬ ಪದವೇ ಇಲ್ಲದೆ '2 ಕ್ಯೂ.ವಿ.ಓ. ಎಸ್ ಅಂಡ್ ಎಂ' ಎಂದಷ್ಟೇ ಇರಬಹುದು. ಅದು ಎರಡನೆಯ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಎಂದರೆ ನಮ್ಮ ಮದ್ರಾಸ್ ಸ್ಯಾಪರ್ಸ್ ದಳವೇ. ಮೈಸೂರು ಸಂಸ್ಥಾನದ ಪಡೆಯವರ ಪದಕಗಳಲ್ಲಿ 'ಐ.ಎಸ್.' ಎಂದು ಕಂಡರೆ ಅದು ಇಂಪೀರಿಯಲ್ ಸರ್ವಿಸ್, ಎಂದರೆ ಬ್ರಿಟಿಷ್ ಸಾಮ್ರಾಜ್ಯದ ಸೇವೆಗೆ ಸಂಸ್ಥಾನಗಳು ಕೊಟ್ಟ ಪಡೆ, ಎಂಬುದರ ಗುರುತು. 103ನೆಯ, 105ನೆಯ, 110ನೆಯ ಮರಾಠಾ ಪಲ್ಟನ್‌ಗಳು 1922ರ ಪುನಾರಚನೆಯಲ್ಲಿ ಐದನೆಯ ಮರಾಠಾ ಲಘು ಪದಾತಿದಳದ ಮೊದಲ ಮೂರು ಬೆಟಾಲಿಯನ್‌ಗಳಾದವು. ಆದ್ದರಿಂದ ತಾತನ ಪದಕದಲ್ಲಿ ಒಂದು ಹೆಸರು, ಅವನ ಪಿಂಚಣಿ ಪುಸ್ತಕದಲ್ಲಿ ಇನ್ನೊಂದು ಹೆಸರು ಇದ್ದರೆ ಅವು ಬೇರೆ ಬೇರೆ ಮನುಷ್ಯರವು ಎಂದು ಕೈಬಿಡಬಾರದು.

ಯಾವ ಪದಕ ಏನು ಹೇಳುತ್ತದೆ

ಮೊದಲ ಮಹಾಯುದ್ಧದಿಂದ ಬಂದ ಗುಂಪಿನಲ್ಲಿ ಸಾಮಾನ್ಯವಾಗಿ ಮೂರು ಪದಕಗಳಿರುತ್ತವೆ. 1914 ಅಥವಾ 1914–15ರ ನಕ್ಷತ್ರ ಯುದ್ಧದ ಆರಂಭದಲ್ಲೇ ರಣರಂಗಕ್ಕೆ ಹೋದವರದು. ಐದನೆಯ ಜಾರ್ಜ್ ದೊರೆಯ ಮುಖವಿರುವ ಬೆಳ್ಳಿಯದು ಬ್ರಿಟಿಷ್ ವಾರ್ ಮೆಡಲ್. ರೆಕ್ಕೆಯ ವಿಜಯದೇವತೆಯೂ ಕಾಮನಬಿಲ್ಲಿನ ಬಣ್ಣದ ಪಟ್ಟಿಯೂ (ರಿಬ್ಬನ್) ಇರುವ ಕಂಚಿನದು ವಿಕ್ಟರಿ ಮೆಡಲ್. ಬೆಳ್ಳಿಯದು ಕಷ್ಟದ ಕಾಲದಲ್ಲಿ ಅಕ್ಕಸಾಲಿಗನ ಮೂಸೆ ಸೇರಿ, ಕಂಚಿನದೊಂದೇ ಉಳಿದಿರುವುದು ಉಂಟು; ಬೆಳ್ಳಿಯ ಪದಕ ಕಾಣದಿದ್ದರೆ ಅದು ಬಂದೇ ಇರಲಿಲ್ಲ ಎಂದು ಬರೆಯಬೇಡಿ. ಅದೇ ಬ್ರಿಟಿಷ್ ವಾರ್ ಮೆಡಲ್ ಕಂಚಿನಲ್ಲಿದ್ದರೆ ಅದರ ಮಹತ್ವ ಬೇರೆಯೇ, ಏಕೆಂದರೆ ಕಂಚಿನ ಪ್ರತಿಗಳನ್ನು ಕೊಟ್ಟದ್ದು ಕೂಲಿ ದಳಗಳವರಿಗೆ. ರಸ್ತೆ ಕಡಿದ, ಹಡಗಿನಿಂದ ಮೂಟೆ ಇಳಿಸಿದ ಆ ಜನರ ಬಗ್ಗೆ ಬರೆದಿಟ್ಟದ್ದು ಬಲು ಕಡಿಮೆ, ಹಾಗಾಗಿ ಅಂಥದೊಂದು ಸಿಕ್ಕರೆ ಅದರ ಹಿಂದಿನ ಕತೆಯನ್ನು ಮೊದಲು ಹಿಡಿಯಿರಿ. ಬ್ರಿಟನ್ನನ್ನು ಸ್ತ್ರೀರೂಪದಲ್ಲಿ ತೋರಿಸುವ ಬ್ರಿಟಾನಿಯಾ ಮತ್ತು ಸಿಂಹದ ಚಿತ್ರವಿರುವ, ಅಂಗೈ ಅಗಲದ ದಪ್ಪ ಕಂಚಿನ ಫಲಕ ಕಂಡರೆ ಅದು ಪದಕವಲ್ಲ. ಮಡಿದವನ ಮನೆಗೆ ಕಳುಹಿಸುತ್ತಿದ್ದ ಸ್ಮಾರಕ ಫಲಕ. ಅದರ ಮೇಲೆ ದರ್ಜೆಯಿಲ್ಲ, ಹೆಸರು ಮಾತ್ರ.

ಎರಡನೆಯ ಮಹಾಯುದ್ಧದ ನಕ್ಷತ್ರಗಳನ್ನು ಒಂದು ಪಯಣದ ಹಾಗೆ ಓದಬೇಕು. ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎರಡೂ ಇದ್ದರೆ ಆತ ಮೊದಲು ಆಫ್ರಿಕಾದಲ್ಲೂ ಆಮೇಲೆ ಇಟಲಿಯಲ್ಲೂ ಇದ್ದ ಎಂದರ್ಥ. ಮರಾಠಾ ಬೆಟಾಲಿಯನ್ನುಗಳಲ್ಲಿದ್ದ ಬೆಳಗಾವಿ ಕಡೆಯವರ ಪದಕಗಳಲ್ಲಿ ಈ ಜೋಡಿ ಕಂಡರೆ ಅಚ್ಚರಿಯಿಲ್ಲ. ಬರ್ಮಾ ಸ್ಟಾರ್ ಇದ್ದ ಮಾತ್ರಕ್ಕೆ ಆತ ಬರ್ಮಾದ ನೆಲ ತುಳಿದಿದ್ದ ಎನ್ನುವಂತಿಲ್ಲ, ಬಂಗಾಳ ಮತ್ತು ಅಸ್ಸಾಮಿನಲ್ಲಿ ನಿಗದಿತ ಅವಧಿಯಲ್ಲಿ ಸೇವೆ ಸಲ್ಲಿಸಿದವರಿಗೂ ಅದು ಸಂದಿತ್ತು. ಭಾರತದ ಭೂಪಟವಿರುವ ಇಂಡಿಯಾ ಸರ್ವಿಸ್ ಮೆಡಲ್ ದೇಶದೊಳಗೇ ದೀರ್ಘ ಸೇವೆ ಸಲ್ಲಿಸಿದವರದು. ಅದೇ ಸಾಲಿನಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಯ ಪದಕವಿದ್ದರೆ ಆತ 1947ರ ಆಗಸ್ಟ್ 15ರಂದು ಇನ್ನೂ ಸೇವೆಯಲ್ಲಿದ್ದ. ಒಂದು ಕಡೆ ಚಕ್ರದ ಮೇಲೆ ಆರನೆಯ ಜಾರ್ಜ್ ದೊರೆಯ ಕಿರೀಟ, ಇನ್ನೊಂದು ಕಡೆ ಅಶೋಕನ ಸಿಂಹ ಇರುವ ಆ ಸ್ವಾತಂತ್ರ್ಯ ಪದಕದಷ್ಟು ಕುತೂಹಲದ ವಸ್ತು ಈ ಸಾಲಿನಲ್ಲಿ ಮತ್ತೊಂದಿಲ್ಲ.

ಬ್ರಿಟನ್ನಿನ ಸೈನಿಕರಿಗೆ ಈ ಯುದ್ಧದ ಪದಕಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳಲ್ಲಿ ಅನೇಕವು ಹೆಸರು ಹೊತ್ತಿವೆ, ಆದ್ದರಿಂದ ಇಲ್ಲಿಯೂ ಅಂಚು, ಹಿಂಬದಿಗಳನ್ನು ಪರೀಕ್ಷಿಸದೆ ಬಿಡಬೇಡಿ.

ಹಿರಿಯರನ್ನು ಕೇಳುವಾಗ

ಮಾತಿಗೆ ಕೂರುವ ಮುನ್ನ ಮನೆಯಲ್ಲಿರುವ ಕಾಗದಗಳನ್ನು ನೋಡಲು ಅನುಮತಿ ಕೇಳಿ. ಬಿಡುಗಡೆ ಪತ್ರ, ಎಂದರೆ ಎಲ್ಲರೂ ಡಿಸ್ಚಾರ್ಜ್ ಸರ್ಟಿಫಿಕೇಟ್ ಎನ್ನುವುದು, ಸಿಕ್ಕರೆ ಅರ್ಧ ಕೆಲಸ ಮುಗಿದಂತೆ: ಅದರಲ್ಲಿ ಊರು, ಸೇರಿದ ದಿನ, ಬಿಟ್ಟ ದಿನ, ಮೈಮೇಲಿನ ಗುರುತು, ಕೆಲವೊಮ್ಮೆ ಪದಕಗಳ ಪಟ್ಟಿಯೂ ಇರುತ್ತದೆ.

ಆಮೇಲೆ ಮಾತು. ಸಾಮಾನ್ಯವಾಗಿ ಗಂಡಸರು ಪದಕದ ಬಗ್ಗೆ ಮಾತನಾಡುತ್ತಾರೆ, ಮನೆಯ ಹೆಂಗಸರು ಆ ವರ್ಷಗಳ ಬಗ್ಗೆ ಮಾತನಾಡುತ್ತಾರೆ. ಸೊಸೆಯಾಗಿ ಬಂದು ಅತ್ತೆಯ ಬಾಯಿಂದ ಎಲ್ಲವನ್ನೂ ಕೇಳಿದ ಅಜ್ಜಿಯನ್ನು ಮೊದಲು ಮಾತನಾಡಿಸಿ. 'ತಾತ ಯಾವ ಶೌರ್ಯಕ್ಕೆ ಪದಕ ಪಡೆದರು?' ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗಿಟ್ಟಂತಾಗುತ್ತದೆ. ಬದಲಿಗೆ 'ಅಜ್ಜಿ, ಈ ಪೆಟ್ಟಿಗೆ ಮನೆಗೆ ಬಂದದ್ದು ನೀವು ಮದುವೆಯಾಗಿ ಬರುವ ಮುಂಚೆಯೋ ಆಮೇಲೋ?' ಎಂದು ಆರಂಭಿಸಬಹುದು. ಅವರು ಇಲ್ಲದಿದ್ದಾಗ ಗದ್ದೆ ಯಾರು ನೋಡಿಕೊಂಡರು, ಮನಿಯಾರ್ಡರ್ ತಿಂಗಳು ತಿಂಗಳೂ ಬರುತ್ತಿತ್ತೇ, ಬಂದ ಕಾಗದವನ್ನು ಯಾರ ಕೈಯಲ್ಲಿ ಓದಿಸುತ್ತಿದ್ದರು, ತಿರುಗಿ ಬಂದ ಮೇಲೆ ಅವರು ಯಾವುದರ ಬಗ್ಗೆ ಮಾತೇ ಆಡುತ್ತಿರಲಿಲ್ಲ, ಇಂಥ ಪ್ರಶ್ನೆಗಳಿಗೆ ಬರುವ ಉತ್ತರ ಯಾವ ದಫ್ತರದಲ್ಲೂ ಸಿಗದು. ಇಸವಿ ಕೇಳಿ ಅವರನ್ನು ಕಂಗೆಡಿಸಬೇಡಿ. ಇನ್‌ಫ್ಲುಯೆಂಜಾ ಬಂದ 1918, ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದ 1924, ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ ಎಂಬಂಥ ಗೂಟಗಳಿಗೆ ನೆನಪನ್ನು ಕಟ್ಟಿದರೆ ಕಾಲ ತಾನಾಗಿ ಹೊಳೆಯುತ್ತದೆ. ಕೊಡವ ತಕ್ಕ್, ಮರಾಠಿ, ತಮಿಳು, ಉರ್ದು, ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ ಧ್ವನಿಮುದ್ರಿಸಿ, ಕನ್ನಡಕ್ಕೆ ತರುವುದನ್ನು ಆಮೇಲೆ ನೋಡಿಕೊಳ್ಳಬಹುದು.

ಒಂದು ಮಾತನ್ನು ಬಹುತೇಕ ಮನೆಗಳಲ್ಲಿ ಕೇಳಬೇಕಾಗುತ್ತದೆ: 'ರಾಜನೇ ತಾತನನ್ನು ಮೆಚ್ಚಿ ಕೊಟ್ಟ ಪದಕ ಇದು.' ಪದಕದ ಮೇಲೆ ರಾಜನ ಮುಖವಿರುವಾಗ ಈ ನಂಬಿಕೆ ಹುಟ್ಟುವುದು ಸಹಜ. ವಾಸ್ತವದಲ್ಲಿ 1939–45ರ ವಾರ್ ಮೆಡಲ್ ಪಡೆಯಲು 28 ದಿನಗಳ ಪೂರ್ಣಾವಧಿ ಸೇವೆ ಸಾಕಾಗಿತ್ತು; ಅದು ಹಾಜರಿಯ ಗುರುತೇ ಹೊರತು ಶೌರ್ಯದ್ದಲ್ಲ. ಶೌರ್ಯದ ಪದಕಗಳು ಬೇರೆ: ಇಂಡಿಯನ್ ಆರ್ಡರ್ ಆಫ್ ಮೆರಿಟ್, ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಮುಂತಾದವು. ಅವುಗಳನ್ನು ಗೆಜೆಟ್ಟಿನಲ್ಲಿ ಪ್ರಕಟಿಸುತ್ತಿದ್ದುದರಿಂದ ತಾಳೆ ನೋಡುವ ಅವಕಾಶವೂ ಇದೆ. ವಿಕ್ಟರಿ ಮೆಡಲಿನ ಪಟ್ಟಿಯ ಮೇಲೆ ಓಕ್ ಎಲೆಯ ಸಣ್ಣ ಲಾಂಛನವಿದ್ದರೆ ಸೇನಾ ವರದಿಯಲ್ಲಿ ಆತನ ಹೆಸರು ಉಲ್ಲೇಖಗೊಂಡಿದೆ. ಆದರೂ ಹಿರಿಯರ ಎದುರಿಗೆ ಕೂತು 'ಇದು ಎಲ್ಲರಿಗೂ ಕೊಟ್ಟದ್ದು' ಎಂದು ಹೇಳುವ ಅಗತ್ಯವಿಲ್ಲ. ಮನೆಯವರ ಮಾತನ್ನು ಮನೆಯವರ ಮಾತಾಗಿಯೇ ಬರೆದುಕೊಳ್ಳಿ, ದಾಖಲೆ ಹೇಳುವುದನ್ನು ಅದರ ಕೆಳಗೆ ಪ್ರತ್ಯೇಕವಾಗಿ ಬರೆಯಿರಿ. ಎರಡನ್ನೂ ಕಲಸಿ ಒಂದು ಮಾಡಿದರೆ ಮುಂದೆ ಓದುವವರಿಗೆ ಯಾವುದು ಯಾವುದೆಂದು ತಿಳಿಯದು.

ಪದಕವಿಲ್ಲದ ಮನೆಯನ್ನೂ ಬಿಡಬಾರದು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಸೆರೆಸಿಕ್ಕು, ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದವರ ಕುಟುಂಬಗಳಲ್ಲಿ ಹೇಳಿಕೊಳ್ಳದೆ ಉಳಿದ ಸಂಗತಿಗಳು ಬಹಳವಿರುತ್ತವೆ. ಅಲ್ಲಿ ಅವಸರ ಮಾಡಬೇಡಿ.

ದಾಖಲೆಗಳೊಡನೆ ತಾಳೆ

ನೀವು ಹುಡುಕುವ ಸೈನಿಕ ಯುದ್ಧದಲ್ಲಿ ಮಡಿದಿದ್ದರೆ, ಮಡಿದ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಿಂದ ಆರಂಭಿಸಿ. ಅಲ್ಲಿಯ ಹುಡುಕಾಟ ಉಚಿತ. ಅನೇಕ ನಮೂದುಗಳಲ್ಲಿ ತಂದೆಯ ಹೆಸರು, ಊರು ಮತ್ತು ಜಿಲ್ಲೆ ಇರುವುದರಿಂದ, ಹೆಸರಿನ ಕಾಗುಣಿತ ಹೊಂದದಿದ್ದಾಗ ಊರಿನ ಹೆಸರಿಟ್ಟು ಹುಡುಕುವುದು ಮೇಲು. ಬರ್ಮಾದಲ್ಲಿ ಸಮಾಧಿಯಿಲ್ಲದೆ ಮಡಿದವರ ಹೆಸರುಗಳು ರಂಗೂನಿನ ಬಳಿಯ ಟೌಕ್ಯಾನ್ ಸ್ಮಶಾನದಲ್ಲಿರುವ ರಂಗೂನ್ ಸ್ಮಾರಕದಲ್ಲಿವೆ. ಸುಮಾರು 27,000 ಹೆಸರುಗಳ ಪಟ್ಟಿ ಅದು. ದೆಹಲಿಯ ಇಂಡಿಯಾ ಗೇಟ್ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ.

ಬದುಕಿ ಬಂದವರ ಜಾಡು ಹಿಡಿಯುವುದು ಇದಕ್ಕಿಂತ ಕಷ್ಟ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲ ಯುದ್ಧದ ಪದಕಗಳ ಸೂಚಿ ಕಾರ್ಡುಗಳಿವೆ, ಬ್ರಿಟಿಷ್ ಲೈಬ್ರರಿಯಲ್ಲಿ, ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಕಡತಗಳಿವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ ಪಟಲ' ಜಾಲತಾಣವನ್ನು ಮನೆಯಿಂದಲೇ ನೋಡಬಹುದು. ಮೈಸೂರು ಸಂಸ್ಥಾನದ ಪಡೆಯವರಾಗಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹೋಗುವ ಮುನ್ನ ಘಟನೆಯ ಕಾಲ ತಿಳಿದಿರಲಿ: ಮೈಸೂರು ಲ್ಯಾನ್ಸರ್ಸ್ ಸೂಯೆಜ್, ಪ್ಯಾಲೆಸ್ತೀನ್‌ಗಳಲ್ಲಿ ಸೇವೆ ಸಲ್ಲಿಸಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಹಿಡಿದರು, ಅಕ್ಟೋಬರ್ 26ರಂದು ಅಲೆಪ್ಪೊದ ಬಳಿಯ ಹರಿತಾನಿನಲ್ಲಿ ಮತ್ತೆ ಕಾದಿದರು. 'ತಾತ ಹೈಫಾದಲ್ಲಿದ್ದ' ಎಂಬ ಮಾತು ನಿಲ್ಲಬೇಕಾದರೆ ಆ ದಿನ ಆತ ಅದೇ ಪಡೆಯಲ್ಲಿ ಸೇವೆಯಲ್ಲಿದ್ದನೆಂದು ಕಾಗದ ಹೇಳಬೇಕು. ಮೊದಲ ಯುದ್ಧದ ಈ ಪದಕಗಳಲ್ಲಿ ಯುದ್ಧಭೂಮಿಯ ಹೆಸರು ಇರುವುದಿಲ್ಲ.

ಉಜ್ಜಬೇಡಿ

ಆಯುಧಪೂಜೆಯ ಹಿಂದಿನ ದಿನ ಹುಣಸೆಹಣ್ಣು ಹಚ್ಚಿಯೋ ಪಾತ್ರೆ ಬೆಳಗುವ ಪುಡಿ ಹಾಕಿಯೋ ಪದಕವನ್ನು ಥಳಥಳಿಸುವಂತೆ ಮಾಡುವ ಪ್ರೀತಿಯೇ ಅದರ ಶತ್ರು. ಪ್ರತಿ ಸಲ ಉಜ್ಜಿದಾಗಲೂ ಅಂಚಿನ ಹೆಸರು ಒಂದಿಷ್ಟು ಸವೆಯುತ್ತದೆ, ಹೆಸರು ಅಳಿದ ಮೇಲೆ ಈ ಲೇಖನದಲ್ಲಿ ಹೇಳಿದ ಯಾವ ಹಂತವೂ ನಡೆಯದು. ಒಣಗಿದ ಹತ್ತಿ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಇಟ್ಟ ಲೋಹಕ್ಕೆ ಕಾಲಾಂತರದಲ್ಲಿ ಹಸಿರು ಜಿಗುಟು ಹತ್ತುತ್ತದೆ, ಆದ್ದರಿಂದ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಲೆನಾಡು, ಕೊಡಗುಗಳ ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಡಬ್ಬಿಯಲ್ಲಿಡಿ. ರೇಷ್ಮೆಯ ಪಟ್ಟಿ ಹರಿದಿದ್ದರೂ ಹೊಸದು ಹಾಕಿ ಹಳೆಯದನ್ನು ಎಸೆಯಬೇಡಿ.

ಕೊಳ್ಳುವುದೇ ಆದರೆ

ಬೆಂಗಳೂರಿನ ಸಂಡೆ ಬಜಾರು, ಮುಂಬೈಯ ಚೋರ್ ಬಜಾರು, ನಾಣ್ಯ ಪ್ರದರ್ಶನಗಳು, ಆನ್‌ಲೈನ್ ಹರಾಜುಗಳಲ್ಲಿ ಪದಕಗಳು ಮಾರಾಟಕ್ಕೆ ಬರುತ್ತವೆ. ಹೆಸರಿಲ್ಲದ ಎರಡನೆಯ ಯುದ್ಧದ ನಕ್ಷತ್ರಗಳ ನಕಲುಗಳು ಹೇರಳವಾಗಿರುವುದರಿಂದ ಹೊಸಬರು ಅವುಗಳಿಂದ ದೂರವಿರುವುದು ಒಳ್ಳೆಯದು. ಮೊದಲ ಯುದ್ಧದ ಬೆಳ್ಳಿ ಪದಕದ ವ್ಯಾಸ 36 ಮಿಲಿಮೀಟರ್. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ಅದು ಕಡಿಮೆ ಬಂದರೆ, ಅಥವಾ ಹೆಸರಿರುವ ಕಡೆ ಅಂಚು ತೆಳುವಾಗಿದ್ದರೆ, ಹಳೆಯ ಹೆಸರನ್ನು ಉಜ್ಜಿ ಹೊಸದನ್ನು ಒತ್ತಿದ್ದಾರೆಂದು ಶಂಕಿಸಬೇಕು. ಒಬ್ಬನೇ ಸೈನಿಕನ ಮೂರು ಪದಕಗಳನ್ನು ಬಿಡಿಬಿಡಿಯಾಗಿ ಮಾರಿ ಹೆಚ್ಚು ಹಣ ಮಾಡುವ ವ್ಯಾಪಾರಿಗಳಿದ್ದಾರೆ. ಕೊಂಡರೆ ಗುಂಪನ್ನು ಇಡಿಯಾಗಿ ಕೊಳ್ಳಿ, ಇಲ್ಲವೇ ಅಂಚಿನ ಚಿತ್ರ ತೆಗೆದುಕೊಂಡು ಬಿಡಿ. ಕತೆ ಕೇಳಲು ಹೋದ ಮನೆಯಲ್ಲಿ ಮಾತ್ರ ಬೆಲೆಯ ಮಾತೆತ್ತಬಾರದು. ಅವರಾಗಿಯೇ ಕೊಡಲು ಮುಂದಾದರೂ, ಮನೆಯ ಕಿರಿಯರನ್ನು ಕೇಳಿದ ಮೇಲೆ ತೀರ್ಮಾನಿಸಲು ಹೇಳಿ.

ಕಾನೂನಿನ ಒಂದು ಅಂಶವೂ ಗಮನದಲ್ಲಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು ನಿರ್ಬಂಧಿಸುತ್ತದೆ, ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಅಮೆರಿಕದಲ್ಲಿರುವ ಮೊಮ್ಮಗನಿಗೆ ತಾತನ ಪದಕವನ್ನು ಅಂಚೆಯಲ್ಲಿ ಕಳುಹಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಮಡಿಕೇರಿಯ 'ಸನ್ನಿ ಸೈಡ್'ನಲ್ಲಿರುವ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಂಥ ಕಡೆ ಕೊಡುವ ಮನಸ್ಸಿದ್ದರೆ, ಅಂಚಿನ ಬರಹವನ್ನು ಯಥಾವತ್ತಾಗಿ ನಮೂದಿಸಿದ ಸ್ವೀಕೃತಿ ಪತ್ರವನ್ನು ಪಡೆದುಕೊಳ್ಳಿ, ಮತ್ತು ನೀವು ಬರೆದ ಕತೆಯ ಒಂದು ಪ್ರತಿಯನ್ನು ಪದಕದ ಜೊತೆಗೇ ಒಪ್ಪಿಸಿ.